ಹಳೆ ಬಿ450 ಬೋರ್ಡ್ ಬಿಚ್ಚದೆ ಎಕ್ಸ್3ಡಿ ಕೂರಿಸಿದ್ದು: ನನ್ನ ಅನುಭವ

"ಆ ಬೋರ್ಡಿಗೆ ಎಂಟು ಕೋರ್ ಹಾಕಿದ್ರ ಬಿಜಾಪುರದ ಬ್ಯಾಸಗ್ಯಾಗ ವಿಆರ್‌ಎಂ ಸುಟ್ಟು ಹೋಗ್ತದ" ಅಂದವರೇ ಹೆಚ್ಚು. ವಿಆರ್‌ಎಂ ಅಂದರೆ ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಕೊಡುವ ಬೋರ್ಡಿನ ಭಾಗ. 2024ರ ಮಾರ್ಚ್‌ನಲ್ಲಿ ಹಾಕಿದ ರೈಜನ್ 7 5700ಎಕ್ಸ್3ಡಿ, ಎಎಂಡಿಯ ಎಂಟು ಕೋರಿನ ಪ್ರೊಸೆಸರ್, ಎರಡು ಬೇಸಿಗೆ ದಾಟಿತು. ಮದರ್‌ಬೋರ್ಡ್ ಅದೇ, ವಿಆರ್‌ಎಂನಲ್ಲಿ ನಾಲ್ಕೇ ಫೇಸ್ (ವಿದ್ಯುತ್ ಹಂಚಿಕೊಳ್ಳುವ ಘಟಕ) ಇರುವ ಅಗ್ಗದ ಬಿ450.

ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹೋಗುವ ಲೆಕ್ಕವನ್ನೂ ಹಾಕಿದ್ದೆ. ರೈಜನ್ 5 7600 ಪ್ರೊಸೆಸರ್, ಬಿ650 ಬೋರ್ಡ್, 32 ಜಿಬಿ ಡಿಡಿಆರ್5 ಮೆಮೊರಿ ಸೇರಿ ಆಗ 42 ಸಾವಿರದ ಆಸುಪಾಸು ಆಗುತ್ತಿತ್ತು. ಎಕ್ಸ್3ಡಿ ಒಂದಕ್ಕೆ 20 ಸಾವಿರ ಚಿಲ್ಲರೆ ಆಯ್ತು. ಹಳೆ ರೈಜನ್ 5 2600 ಪ್ರೊಸೆಸರ್ ಮಾರಿ ನಾಲ್ಕೂವರೆ ಸಾವಿರ ವಾಪಸ್ ಬಂತು. 2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ್ದು ನೋಡಿದ ಮೇಲೆ, ಅಂದು ನಕ್ಕವರು ಈಗ ಹಳೆ ಡಿಡಿಆರ್4 ಸ್ಟಿಕ್‌ಗಳನ್ನು ಜೋಪಾನ ಮಾಡ್ತಿದ್ದಾರೆ.

ರೊಕ್ಕ ಬಿಚ್ಚುವ ಮುಂಚೆ ಒಂದು ಪರೀಕ್ಷೆ. ಪಬ್‌ಜಿಯಲ್ಲಿ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) 90ರ ಹತ್ತಿರ ಇದ್ದದ್ದು ಅಲ್ಲೇ ನಿಂತಿತು, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060 ಅರ್ಧ ಕೆಲಸದಲ್ಲಿ ಸುಮ್ಮನೆ ಕೂತಿತ್ತು. ಹೀಗಿದ್ದರೆ ಮಾತ್ರ ಪ್ರೊಸೆಸರ್ ಬದಲಿಸಿ. 720ರಲ್ಲಿ ಎಫ್‌ಪಿಎಸ್ ಜಿಗಿದರೆ ಕೊರತೆ ಗ್ರಾಫಿಕ್ಸ್ ಕಾರ್ಡಿನದು, ಎಕ್ಸ್3ಡಿ ತಂದು ಪ್ರಯೋಜನ ಇಲ್ಲ.

ವಿಆರ್‌ಎಂ ಭಯ ಎಲ್ಲಿಂದ ಬಂತೆಂದರೆ, ಕಂಪನಿ ಹೇಳುವ 105 ವ್ಯಾಟ್‌ನಿಂದ. ಆಟದಲ್ಲಿ ಈ ಚಿಪ್ 60-70 ವ್ಯಾಟ್ ಎಳೆಯುತ್ತದೆ ಅಷ್ಟೇ. ಅದರ ಬಲ 96 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ), ಗಿಗಾಹರ್ಟ್ಸ್ ವೇಗ ಅಲ್ಲ. ಅದೇ ಬೋರ್ಡಿಗೆ ಹದಿನಾರು ಕೋರಿನ 5950ಎಕ್ಸ್ ಹಾಕಿ ದಿನವಿಡೀ ರೆಂಡರ್ ಮಾಡ್ತೀನಿ ಅಂದರೆ ಭಯ ಹುಟ್ಟಿಸಿದವರ ಮಾತು ಖರೆ.

ಮೊದಲ ಪೆಟ್ಟು ಬಿದ್ದದ್ದು ಬಯೋಸ್‌ನಲ್ಲಿ, ಅಂದರೆ ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶದಲ್ಲಿ. ಹಳೆ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಬೇಕು, ಇದು ಎಲ್ಲರಿಗೂ ಗೊತ್ತು. ಯುಪಿಎಸ್‌ನ ಬ್ಯಾಟರಿ ಸತ್ತಿದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಅರವತ್ತು ಪರ್ಸೆಂಟಿಗೆ ಕರೆಂಟ್ ಹೋಯ್ತು, ಬೋರ್ಡ್ ಕಲ್ಲಾಯ್ತು. ಅಂಗಡಿಯವ ಹೊಸ ಬೋರ್ಡ್ ತಗೋ ಅಂದ. ನಾನು ಸಿಎಚ್341ಎ ಪ್ರೋಗ್ರಾಮರ್ (ಬಯೋಸ್ ಚಿಪ್ಪಿಗೆ ನೇರವಾಗಿ ಫೈಲ್ ಬರೆಯುವ ಸಾಧನ) ಮತ್ತು ಚಿಪ್ಪನ್ನು ಕಚ್ಚುವ ಕ್ಲಿಪ್ ತಂದೆ, ಎರಡೂ ಸೇರಿ 400 ರೂಪಾಯಿ ಒಳಗೆ ಬಂದವು. ಹಾಕುವ ಮುಂಚೆ ಬಯೋಸ್ ಚಿಪ್ಪಿನ ನಂಬರ್ ಓದಿ. ವಿನ್‌ಬಾಂಡ್ ಕಂಪನಿಯದಾದರೆ ನಂಬರಿನಲ್ಲಿ 128 ಆದಮೇಲಿನ ಎರಡನೇ ಅಕ್ಷರ ನೋಡಬೇಕು: 'ವಿ' ಇದ್ದರೆ 3.3 ವೋಲ್ಟ್, 'ಡಬ್ಲ್ಯೂ' ಇದ್ದರೆ 1.8. ಎರಡನೆಯದಕ್ಕೆ ಅಡಾಪ್ಟರ್ ಇಲ್ಲದೆ ಕ್ಲಿಪ್ ಹಚ್ಚಿದರೆ ಚಿಪ್ಪೇ ಹೋಗುತ್ತದೆ. ಕಪ್ಪು ಬಣ್ಣದ ಪ್ರೋಗ್ರಾಮರ್ ಡೇಟಾ ಕಾಲುಗಳಿಗೆ 5 ವೋಲ್ಟ್ ಬಿಡುವ ಚಾಳಿಯದು, ಅದೂ ನೆನಪಿರಲಿ. ಬರೆಯುವ ಮುಂಚೆ ಪ್ರೋಗ್ರಾಮರ್‌ನಿಂದ ಚಿಪ್ಪನ್ನು ಎರಡು ಸಲ ಓದಿಸಿ, ಎರಡೂ ಫೈಲ್ ಒಂದೇ ಇವೆಯಾ ನೋಡಿ. ಬೇರೆ ಬೇರೆ ಬಂದರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ. ನನ್ನದು ನಾಲ್ಕನೇ ಸಲಕ್ಕೆ ಕಚ್ಚಿತು.

ಎರಡನೇ ಪೆಟ್ಟು: ಕೂಲರ್ ಎತ್ತಿದರೆ 2600 ಸಾಕೆಟ್‌ನಿಂದಲೇ ಕಿತ್ತು ಬಂತು, ಏಳೆಂಟು ಪಿನ್ ಬಾಗಿದವು. ಲೆಡ್ ತೆಗೆದ 0.5 ಮೆಕ್ಯಾನಿಕಲ್ ಪೆನ್ಸಿಲಿನ ತುದಿಯಿಂದ ನೆಟ್ಟಗೆ ಮಾಡಿದೆ. ಹದಿನೈದು ನಿಮಿಷ ಆಟ ಆಡಿ ಕೂಲರ್ ಕೆಳಗಿನ ಪೇಸ್ಟ್ ಬಿಸಿ ಮಾಡಿ, ಮಷಿನ್ ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುವಿ ಎತ್ತಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನು ಬಿಸಿಯ ವಿಷಯ. ಇಲ್ಲೇ ತಿಂಗಳು ಹೋಯ್ತು. ಕ್ಯಾಶ್ ಪದರ ಕೋರ್‌ಗಳಿರುವ ಚಿಪ್ಪಿನ ಮೇಲೆ ಕೂತಿರುವುದರಿಂದ ಶಾಖ ಬೇಗ ಹೊರಬರುವುದಿಲ್ಲ. 2600ರ ಡಬ್ಬಿಯಲ್ಲೇ ಬಂದಿದ್ದ ಹಳೆ ಕೂಲರ್‌ನಲ್ಲಿ 90 ಡಿಗ್ರಿ ಮುಟ್ಟಿ ವೇಗ ಇಳಿಸುತ್ತಿತ್ತು. ನಾಲ್ಕು ಪೈಪಿನ ಟವರ್ ಕೂಲರ್ ತಂದೆ, 1,900 ರೂಪಾಯಿ. ಪ್ರೊಸೆಸರ್ 76ಕ್ಕೆ ಇಳಿಯಿತು, ವಿಆರ್‌ಎಂ ಮಾತ್ರ 80ರಿಂದ 95ಕ್ಕೆ ಏರಿತು! ಡಬ್ಬಿ ಕೂಲರ್ ಗಾಳಿಯನ್ನು ಕೆಳಗೆ ಊದುತ್ತದೆ, ಆ ಗಾಳಿಯೇ ವಿಆರ್‌ಎಂಗೂ ತಾಗುತ್ತಿತ್ತು. ಟವರ್ ಅದನ್ನು ಹಿಂದಕ್ಕೆ ಒಯ್ದುಬಿಡುತ್ತದೆ. 150 ರೂಪಾಯಿಯ 80 ಎಂಎಂ ಫ್ಯಾನ್ ಒಂದನ್ನು ಎರಡು ಝಿಪ್ ಟೈನಿಂದ ವಿಆರ್‌ಎಂ ಮೇಲೆ ಓರೆಯಾಗಿ ಕಟ್ಟಿದೆ. 95 ಹೋಗಿ 74. ನೋಡಲು ಚಂದ ಇಲ್ಲ, ಕ್ಯಾಬಿನೆಟ್ ಬಾಗಿಲು ಹಾಕಿದರೆ ಯಾರಿಗೂ ಕಾಣಲ್ಲ.

ಕರ್ವ್ ಆಪ್ಟಿಮೈಸರ್‌ನಲ್ಲಿ (ಕೋರ್‌ಗಳ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಮೈನಸ್ 25ರ ಆಸುಪಾಸು ಕೊಟ್ಟರೆ ಇನ್ನೂ ಏಳೆಂಟು ಡಿಗ್ರಿ ಬೀಳುತ್ತದೆ. ಬಯೋಸ್‌ನಲ್ಲಿ ಆಯ್ಕೆ ಕಾಣದಿದ್ದರೆ ವಿಂಡೋಸ್‌ನಲ್ಲಿ ಓಡಿಸುವ ಪಿಬಿಒ2 ಟ್ಯೂನರ್ ಎಂಬ ತಂತ್ರಾಂಶ ಇದೆ. ಯಾವ ಕೋರಿಗೆ ಎಷ್ಟು ಅಂತ ಒಂದೇ ಸಂಜೆಯಲ್ಲಿ ಹುಡುಕುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸ್ನೇಹಿತನ 3600 ವೇಗದ ರ‍್ಯಾಮ್ ತಂದು ನನ್ನ 3000ದ ಜಾಗದಲ್ಲಿ ಹಾಕಿ ನೋಡಿದೆ. ಎರಡು ಮೂರು ಎಫ್‌ಪಿಎಸ್ ಮೇಲೆ ಕೆಳಗೆ. ಇಷ್ಟು ಕ್ಯಾಶ್ ಇದ್ದಾಗ ರ‍್ಯಾಮ್‌ಗೆ ರೊಕ್ಕ ಸುರಿಯುವುದು ದಂಡ. ಇಷ್ಟು ಕ್ಯಾಶ್ ಇಲ್ಲದ ಸಾದಾ ರೈಜನ್ 5 5600ಕ್ಕಾದರೆ ಈ ಮಾತು ಹೊಂದುವುದಿಲ್ಲ.

ಫಲ: ಸರಾಸರಿ 90 ಇದ್ದದ್ದು 140 ದಾಟಿತು, ಒಂದು ಪರ್ಸೆಂಟ್ ಲೋ (ಅತಿ ನಿಧಾನದ ಒಂದು ಪರ್ಸೆಂಟ್ ಫ್ರೇಮ್‌ಗಳ ಎಫ್‌ಪಿಎಸ್) 45ರಿಂದ 95ಕ್ಕೆ. ಗುಂಡಿನ ಚಕಮಕಿಯಲ್ಲಿ ಗಕ್ಕನೆ ನಿಲ್ಲುತ್ತಿದ್ದದ್ದು ಹೋಯ್ತು. ಬೋರ್ಡ್ ಅದೇ ಆದ್ದರಿಂದ ವಿಂಡೋಸ್ ಆಕ್ಟಿವೇಷನ್ ಕೂಡ ಅಲುಗಲಿಲ್ಲ. ಬಿ450ಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಡೇಟಾ ಸಾಗಿಸುವ ಹಾದಿ ಹಳೆ ಪಿಸಿಐಇ 3.0 ಮಾತ್ರ. 3060ಗೆ 16 ಲೇನ್ ಇರುವುದರಿಂದ ತೊಂದರೆ ಇಲ್ಲ, ನಾಲ್ಕೇ ಲೇನಿನ ಆರ್‌ಎಕ್ಸ್ 6500 ಎಕ್ಸ್‌ಟಿ ಇದ್ದವರು ಪಿಸಿಐಇ 4.0 ಇರುವ ಬಿ550 ಬೋರ್ಡ್ ನೋಡಿ.

ನಮ್ಮ ಕಡೆ ಧೂಳು ಬಿಡುವುದಿಲ್ಲ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಗೆ ಬೆರಳು ಒತ್ತಿ ಹಿಡಿಯಿರಿ. ಬಿಟ್ಟರೆ ಗಾಳಿಗೆ ಗಿರ್ರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಆ 150 ರೂಪಾಯಿಯ ಫ್ಯಾನ್ ಹಾಗೇ ಒಂದು ಹೋಗಿ, ಈಗಿರುವುದು ಎರಡನೆಯದು.