ಮುಧೋಳ ನಾಯಿಗೆ ಕೌದಿ ಹಾಸಿಗೆ

ಓಡಲ್ಲ ಅಂತ ಯಾರೋ ಬಿಟ್ಟುಹೋದ ಮುಧೋಳ ಬೇಟೆ ನಾಯಿಯನ್ನು ಮನೆಗೆ ತಂದಿದ್ದರೆ, ಮೊದಲು ಒಂದು ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮವೂ ತೆಳು. ನಮ್ಮ ಬಾಗಲಕೋಟೆ ಕಡೆಯ ಕಲ್ಲಿನ ನೆಲದ ಮೇಲೆ ಸುಮ್ನೆ ಮಲಗಿದರೆ ಮೊಣಕೈ, ಸೊಂಟದ ಎಲುಬು ಒತ್ತಿ ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಜಡ್ಡುಗಟ್ಟುತ್ತದೆ, ಕೊನೆಗೆ ಹುಣ್ಣಾಗುತ್ತದೆ. ಹೊಟ್ಟೆಗಿಲ್ಲದೆ ಸೊರಗಿದ ನಾಯಿಗಂತೂ ಇದು ಇನ್ನೂ ಜಾಸ್ತಿ. ಕೌದಿಯನ್ನು ಒಗೆದು ಬಿಸಿಲಿಗೆ ಹಾಕಬಹುದು ಅಲ್ವಾ, ಅದಕ್ಕೇ ಸ್ಪಂಜಿನ ಹಾಸಿಗೆಗಿಂತ ನನಗೆ ಇದೇ ಮೇಲು. ಹುಣ್ಣು ಆಗಲೇ ಒಡೆದು ಕೀವು ಬಂದಿದ್ದರೆ ಹಾಸಿಗೆಯಿಂದ ವಾಸಿಯಾಗಲ್ಲ, ಪಶು ವೈದ್ಯರಿಗೆ ತೋರಿಸಲೇಬೇಕು. ಬಟ್ಟೆ ಕಚ್ಚಿ ನುಂಗುವ ನಾಯಿಗೂ ಕೌದಿ ಬೇಡ, ಹೊಲಿಗೆಯ ದಾರ ಕರುಳಿನಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.