ಹ್ಯಾಮ್ ರೇಡಿಯೊ ಟೂಲ್: ಕೊಳ್ಳುವುದು ಯಾವುದನ್ನು, ಕೈಯಾರೆ ಮಾಡಿಕೊಳ್ಳುವುದು ಯಾವುದನ್ನು?

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪಡೆದವರು ತಾವೇ ಜೋಡಿಸಿದ ಸೆಟ್ ತಂದು ‘ಸರ್, ಏನೂ ಕೇಳಿಸ್ತಿಲ್ಲ’ ಎನ್ನುತ್ತಾರೆ. ಡಬ್ಬ ಬಿಚ್ಚಿದರೆ ಬೆಸುಗೆ ಚೆನ್ನಾಗಿಯೇ ಇರುತ್ತದೆ. ಐಎಫ್‌ಟಿ (ಇಂಟರ್ಮೀಡಿಯಟ್ ಫ್ರೀಕ್ವೆನ್ಸಿ ಟ್ರಾನ್ಸ್‌ಫಾರ್ಮರ್) ಕಾಯಿಲ್ ಒಳಗಿನ ಫೆರೈಟ್ ಸ್ಲಗ್, ಅಂದರೆ ಟ್ಯೂನ್ ಮಾಡಲು ತಿರುಗಿಸುವ ಸೀಳಿರುವ ತಿರುಳು ಮಾತ್ರ ಎರಡು ಹೋಳಾಗಿರುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿರುತ್ತಾರೆ. ಇನ್ನು ಕೆಲವರ ಆಂಟೆನಾ ಕೇಬಲ್ ಸ್ವಲ್ಪ ಅಲುಗಿದರೆ ಸಾಕು, ಎಸ್‌ಡಬ್ಲ್ಯುಆರ್ ಮೀಟರಿನ (ಆಂಟೆನಾ ಸೆಟ್‌ಗೆ ಎಷ್ಟು ಹೊಂದಿದೆ ಎಂದು ತೋರಿಸುವ ಮೀಟರ್) ಮುಳ್ಳು ಕುಣಿಯುತ್ತದೆ. ಕನೆಕ್ಟರನ್ನು ಕಟಿಂಗ್ ಪ್ಲೇಯರ್‌ನಲ್ಲಿ ಅದುಮಿ ಕೂರಿಸಿರುತ್ತಾರೆ. ಮೊದಲನೆಯವರು ಮನೆಯಲ್ಲೇ ಆಗುವ ಟೂಲ್ ಮಾಡಿಕೊಳ್ಳಲಿಲ್ಲ. ಎರಡನೆಯವರು ಕೊಳ್ಳಲೇಬೇಕಾದ ಟೂಲ್ ಕೊಳ್ಳಲಿಲ್ಲ.

ನಾನು ನೋಡುವುದು ಒಂದೇ ವಿಷಯ. ಆ ಟೂಲ್ ಯಾರೋ ಕಾರ್ಖಾನೆಯವರು ಹಾಕಿಕೊಟ್ಟ ಅಳತೆಗೆ ಸರಿಯಾಗಿ ಕೂರಬೇಕಾ? ಹಾಗಾದರೆ ಕೊಳ್ಳಿ. ನಿಮ್ಮ ಮುಂದಿರುವ ಸೆಟ್‌ನ ಒಂದು ಭಾಗಕ್ಕೆ ಹೊಂದಿದರೆ ಸಾಕಾ? ಹಾಗಾದರೆ ಮಾಡಿಕೊಳ್ಳಿ. ಅಂಗಡಿಯದು ಅಷ್ಟು ಚೆನ್ನಾಗಿ ಹೊಂದುವುದಿಲ್ಲ.

ಸಾಮಾನ್ಯ ಟೂಲ್‌ಗಳ ಬಗ್ಗೆ ಜಾಸ್ತಿ ಯೋಚಿಸಬೇಡಿ. ಟಪಾರಿಯಾ ಕಂಪನಿಯ ಒಂದು ನೋಸ್ ಪ್ಲೇಯರ್, ಒಂದು ಸೈಡ್ ಕಟರ್, ಸೋಲ್ಡ್ರಾನ್ ಕಂಪನಿಯ 25 ವ್ಯಾಟ್ ಬೆಸುಗೆ ಐರನ್ ಇದ್ದರೆ ಬೋರ್ಡ್ ಕೆಲಸಕ್ಕೆ ಸಾಕು. ಎಲ್ಲವೂ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ನಮ್ಮ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ನಡೆದುಬಿಡಿ. ಆ ಗಲ್ಲಿಗಳಲ್ಲಿ ಗಾಡಿ ನಿಲ್ಲಿಸುವ ಪ್ರಯತ್ನವೇ ಬೇಡ.

ಆನ್‌ಲೈನ್‌ನಲ್ಲಿ ‘ಮೂವತ್ತು ಟೂಲ್ ಇರುವ ಕಿಟ್’ ಎಂದು ಮಾರುವ ಪೆಟ್ಟಿಗೆ ಕೊಳ್ಳಬೇಡಿ. ಅದರಲ್ಲಿ ಬರುವ, ಸ್ಲಗ್ ತಿರುಗಿಸಿ ಸೆಟ್ ಟ್ಯೂನ್ ಮಾಡುವ ಪ್ಲಾಸ್ಟಿಕ್ ಅಲೈನ್‌ಮೆಂಟ್ ಕಡ್ಡಿಗಳ ತುದಿ ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಸವೆದು ಗುಂಡಗಾಗುತ್ತದೆ. ಕೆಲವು ಕಡ್ಡಿಗಳ ಪ್ಲಾಸ್ಟಿಕ್ ಒಳಗೆ ಸಣ್ಣ ಲೋಹದ ತುಂಡು ಕೂರಿಸಿರುತ್ತಾರೆ. ಯಾವ ತೊಂದರೆ ತಪ್ಪಿಸಲು ಕಡ್ಡಿ ತಂದಿರೋ ಅದೇ ತೊಂದರೆ ಮತ್ತೆ ಬರುತ್ತದೆ.

ಅಲೈನ್‌ಮೆಂಟ್ ಟೂಲ್: ಇದನ್ನು ಮಾಡಿಕೊಳ್ಳಿ

ಲೋಹ ಏಕೆ ಬೇಡ ಅನ್ನುವುದು ಮೊದಲು ತಿಳಿದಿರಲಿ. ಕಾಯಿಲ್ ಒಳಗೆ ಕಬ್ಬಿಣ ಹೋದರೆ ಅದರ ಇಂಡಕ್ಟೆನ್ಸ್ ಏರಿ ಫ್ರೀಕ್ವೆನ್ಸಿ ಇಳಿಯುತ್ತದೆ. ಹಿತ್ತಾಳೆ ಹೋದರೆ ಇದರ ಉಲ್ಟಾ. ಹಾಗಾಗಿ ಸ್ಕ್ರೂಡ್ರೈವರ್ ಒಳಗಿದ್ದಾಗ ಸಿಗ್ನಲ್ ಜೋರಾಗಿ ಬರುತ್ತದೆ, ಹೊರಗೆ ತೆಗೆದ ಕೂಡಲೇ ಕುಸಿಯುತ್ತದೆ. ಇಡೀ ಸಂಜೆ ತಿರುಗಿಸುತ್ತಾ ಕೂತರೂ ಸೆಟ್ ಟ್ಯೂನ್ ಆಗುವುದಿಲ್ಲ. ಟ್ರಿಮ್ಮರ್ ಕೆಪಾಸಿಟರ್‌ನಲ್ಲಿ (ಸ್ಕ್ರೂ ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್) ನಿಮ್ಮ ಕೈಯೇ ಕೆಪಾಸಿಟರ್ ಆಗಿ ಸೇರಿಕೊಳ್ಳುತ್ತದೆ. ಸರ್ಕ್ಯೂಟ್ ಅವಕಾಶ ಕೊಟ್ಟರೆ ಟ್ರಿಮ್ಮರ್‌ನ ತಿರುಗಿಸುವ ಸ್ಕ್ರೂ ಇರುವ ಕಾಲನ್ನು ಗ್ರೌಂಡ್ ಕಡೆಗೆ ಬೆಸೆಯಿರಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಹಂತ 1: ಸಾಮಾನು. ಹಸಿರು ಅಥವಾ ತಿಳಿ ಹಳದಿ ಬಣ್ಣದ ಗ್ಲಾಸ್ ಎಪಾಕ್ಸಿ ಬೋರ್ಡಿನ ಒಂದು ತುಂಡು ಬೇಕು. ಜಾಲಿ ಮೊಹಲ್ಲಾದ ಗುಜರಿಗಳಲ್ಲಿ ಹಳೇ ಕಂಪ್ಯೂಟರ್ ಬೋರ್ಡ್ ಕೇಳಿ ನೋಡಿ. ಕಂದು ಬಣ್ಣದ ಪೇಪರ್ ಫೀನಾಲಿಕ್ ಬೋರ್ಡ್ ಬೇಡ, ಅದರ ತುದಿ ಚೂರಾಗಿ ಉದುರುತ್ತದೆ. ಕಂಪ್ಯೂಟರ್ ಬೋರ್ಡಿನ ಒಳಪದರಗಳಲ್ಲೂ ತಾಮ್ರ ಇರುತ್ತದೆ, ಅದನ್ನು ಮರೆಯಬೇಡಿ. ಬೆಳಕಿಗೆ ಹಿಡಿದು ನೋಡಿ. ಬೆಳಕು ದಾಟಿ ಬರುವ ಜಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಅಷ್ಟೆಲ್ಲ ಹುಡುಕಾಟ ಬೇಡ ಎನ್ನುವವರು ಒಂದು ಕಡೆ ಮಾತ್ರ ತಾಮ್ರ ಇರುವ ಹೊಸ ಬೋರ್ಡ್ ತನ್ನಿ.

ಹಂತ 2: ಸುಮಾರು 15 ಸೆಂ.ಮೀ. ಉದ್ದ, 6 ಮಿ.ಮೀ. ಅಗಲದ ಪಟ್ಟಿ ಹ್ಯಾಕ್ಸಾದಲ್ಲಿ ಕೊಯ್ಯಿರಿ. ಇದಕ್ಕಿಂತ ಗಿಡ್ಡ ಬೇಡ, ಕೈ ಕಾಯಿಲ್‌ನಿಂದ ದೂರ ಇರಬೇಕು. ಬೋರ್ಡಿನ ಪುಡಿ ಗಾಜಿನ ಪುಡಿಯೇ. ಮಾಸ್ಕ್ ಹಾಕಿಕೊಂಡು, ಬೋರ್ಡ್ ಒದ್ದೆ ಮಾಡಿ ಕೊಯ್ಯಿರಿ. ಅಡುಗೆಮನೆ ಕಟ್ಟೆಯ ಮೇಲೆ ಈ ಕೆಲಸ ಬೇಡವೇ ಬೇಡ.

ಹಂತ 3: ತಾಮ್ರ ಪೂರ್ತಿ ತೆಗೆಯಿರಿ. ಐರನ್‌ನಿಂದ ಅಂಚು ಕಾಯಿಸಿ ನೋಸ್ ಪ್ಲೇಯರ್‌ನಲ್ಲಿ ಎಳೆದರೆ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ.

ಹಂತ 4: ತುದಿ. ಎಲ್ಲರೂ ಕೆಡಿಸುವುದು ಇಲ್ಲೇ. ಸಾಮಾನ್ಯ ಬೋರ್ಡ್ 1.6 ಮಿ.ಮೀ. ದಪ್ಪ ಇರುತ್ತದೆ, ಸ್ಲಗ್‌ನ ಸೀಳು ಅದಕ್ಕಿಂತ ಕಿರಿದು. ಹಾಗಾಗಿ ಎಲ್ಲರೂ ತುದಿಯನ್ನು ಎರಡೂ ಕಡೆಯಿಂದ ಇಳಿಜಾರಾಗಿ ಅರದಿಂದ ಉಜ್ಜುತ್ತಾರೆ. ನೋಡಲು ಸ್ಕ್ರೂಡ್ರೈವರ್ ಹಾಗೆಯೇ ಕಾಣುತ್ತದೆ. ಆದರೆ ನೀವು ಮಾಡಿರುವುದು ಸೌದೆ ಸೀಳುವ ಬೆಣೆ. ತಿರುಗಿಸಲು ಒತ್ತಿದಾಗ ಅದು ಸೀಳಿನ ಎರಡು ಗೋಡೆಗಳನ್ನು ಹೊರಗೆ ನೂಕುತ್ತದೆ. ಫೆರೈಟ್ ಅನ್ನುವುದು ಸುಟ್ಟ ಸೆರಾಮಿಕ್ ಪದಾರ್ಥ. ಒತ್ತಿದರೆ ತಡೆಯುತ್ತದೆ, ಅಗಲಿಸಿದರೆ ಬಿರಿಯುತ್ತದೆ.

ತುದಿಯ ಎರಡೂ ಮುಖ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಅದಕ್ಕೆ ಹೀಗೆ ಮಾಡಿ. ಪಟ್ಟಿಯ ಕೊನೆಯ 4 ಮಿ.ಮೀ.ಗೆ ಎರಡೂ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಚಪ್ಪಟೆ ಗಾಜಿನ ಮೇಲೆ 320 ನಂಬರ್ ಎಮರಿ ಪೇಪರ್ ಹಾಸಿ ನಾಲ್ಕು ಹನಿ ನೀರು ಹಾಕಿ. ಪೇಪರಿನ ಅಂಚನ್ನು ಗಾಜಿನ ಅಂಚಿಗೆ ಸರಿಯಾಗಿ ಜೋಡಿಸಿ. ಪಟ್ಟಿಯ ಗೆರೆಯವರೆಗಿನ ಭಾಗ ಮಾತ್ರ ಪೇಪರ್ ಮೇಲೆ ಮಲಗಿರಲಿ, ಉಳಿದದ್ದು ಗಾಜಿನ ಹೊರಗೆ. ತುದಿಯನ್ನು ಬೆರಳಿನಿಂದ ಮೇಲಿನಿಂದ ಒತ್ತಿ ಅಂಚಿನ ಉದ್ದಕ್ಕೂ ಉಜ್ಜಿ. ಹಿಡಿಕೆಯ ಕಡೆಯಿಂದ ಒತ್ತಬೇಡಿ, ಹಾಗೆ ಒತ್ತಿದರೆ ಮತ್ತೆ ಇಳಿಜಾರು ಬರುತ್ತದೆ. ಹತ್ತು ಸಲ ಉಜ್ಜಿದ ಮೇಲೆ ಮಗುಚಿ ಹಾಕಿ ಇನ್ನೊಂದು ಕಡೆ ಅಷ್ಟೇ ಉಜ್ಜಿ. ಸಾವಧಾನ ಬೇಕು. ಗ್ರೈಂಡರ್‌ಗೆ ಕೊಟ್ಟು ಬೇಗ ಮುಗಿಸಿದ ತುದಿ ಒಂದೂ ಸಮಾನಾಂತರವಾಗಿ ಬಂದದ್ದನ್ನು ನಾನು ನೋಡಿಲ್ಲ.

ಮಧ್ಯೆ ಮಧ್ಯೆ ಕೆಟ್ಟುಹೋದ ಒಂದು ಐಎಫ್‌ಟಿ ಸ್ಲಗ್‌ಗೆ ಹಾಕಿ ನೋಡಿ. 455 ಕಿಲೋಹರ್ಟ್ಸ್‌ನ ಹಳದಿ, ಬಿಳಿ, ಕಪ್ಪು ಐಎಫ್‌ಟಿಗಳು, ಕೆಂಪು ಆಸಿಲೇಟರ್ ಕಾಯಿಲ್ ಹಳೇ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಬೇಕಾದಷ್ಟಿವೆ. ಒಂದು ಸತ್ತ ರೇಡಿಯೊ ಮನೆಯಲ್ಲಿ ಇಟ್ಟುಕೊಳ್ಳಿ. ತುದಿ ಮೂರು ಪರೀಕ್ಷೆ ಪಾಸಾಗಬೇಕು. ಸೀಳಿನ ತಳ ಮುಟ್ಟಬೇಕು. ಸೀಳಿನ ಈ ಕೊನೆಯಿಂದ ಆ ಕೊನೆಯವರೆಗೆ ಅಗಲ ತುಂಬಬೇಕು. ಎಡಬಲ ಆಡಿಸಿದರೆ ಕೂದಲೆಳೆಯಷ್ಟು ಮಾತ್ರ ಸಡಿಲ ಇರಬೇಕು. ಅಗಲ ಜಾಸ್ತಿಯಾಗಿ ಕಾಯಿಲ್‌ನ ಒಳಗೋಡೆಗೆ ಉಜ್ಜಿದರೆ ಬದಿಗಳನ್ನು ಸವೆಸಿ. ದೊಡ್ಡ ಐಎಫ್‌ಟಿಗೆ ಒಂದು, ಚಿಕ್ಕದಕ್ಕೆ ಇನ್ನೊಂದು ಟೂಲ್ ಮಾಡಿ. ಒಂದೇ ತುದಿಯನ್ನು ಎರಡಕ್ಕೂ ಹೊಂದಿಸಲು ಹೋದವರು ಚಿಕ್ಕ ಸ್ಲಗ್ ಒಡೆಯುತ್ತಾರೆ.

ಬಿದಿರಿನಲ್ಲೂ ಮಾಡಬಹುದು. ಟ್ರಿಮ್ಮರ್‌ಗೆ ನನಗೆ ಬಿದಿರೇ ಇಷ್ಟ. ತುದಿ ಹೊರ ಸಿಪ್ಪೆಯ ಕಡೆಯಿಂದ ಬರಬೇಕು, ಗಟ್ಟಿ ಇರುವುದು ಅಲ್ಲಿಯೇ. ಒಳಗಿನ ಬಿಳಿ ಭಾಗ ಮೆತ್ತಗೆ, ಬೇಗ ನಾರಾಗುತ್ತದೆ. ಕೆತ್ತಿದ ತುದಿಗೆ ಒಂದು ಹನಿ ಫೆವಿಕ್ವಿಕ್ ಕುಡಿಸಿ ಒಣಗಿಸಿ. ಆಮೇಲೆ ಎಮರಿಯಲ್ಲಿ ಕೊನೆಯ ಅಳತೆಗೆ ತನ್ನಿ.

ಹಂತ 5: ಹಿಡಿಕೆಗೆ ಖಾಲಿಯಾದ ಬಾಲ್‌ಪೆನ್ನಿನ ಕೊಳವೆ ಸಾಕು. ಲೋಹದ ಕ್ಲಿಪ್ ತೆಗೆದುಬಿಡಿ.

ಹಂತ 6: ಕೆಲಸ ಮಾಡುವ ಸೆಟ್‌ನಲ್ಲಿ ಒಂದು ಮಂದ ಸಿಗ್ನಲ್ ಹಿಡಿಯಿರಿ. ಟೂಲನ್ನು ಕಾಯಿಲ್ ಒಳಗೆ ಇಳಿಸಿ, ತಿರುಗಿಸಬೇಡಿ. ಸದ್ದು ಬದಲಾದರೆ ಬೋರ್ಡಿನಲ್ಲಿ ಎಲ್ಲೋ ತಾಮ್ರ ಉಳಿದಿದೆ. ಬದಲಾಗದಿದ್ದರೆ ಟೂಲ್ ಸಿದ್ಧ.

ಸ್ಲಗ್ ಅಲುಗದಿದ್ದರೆ ಬಲ ಹಾಕಲೇಬೇಡಿ. ಅದರ ಮೇಲೆ ಮೇಣ ಇರಬಹುದು. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಆಡಿಸಿ. ಬೋರ್ಡಿನ ಮೇಲ್ಮೈಗೇ ಬೆಸೆಯುವ ತೀರಾ ಸಣ್ಣ ಎಸ್‌ಎಂಡಿ ಟ್ರಿಮ್ಮರ್‌ಗಳಿಗೆ ಮಾತ್ರ ಸೆರಾಮಿಕ್ ತುದಿಯ ಡ್ರೈವರ್ ಕೊಳ್ಳಿ. ಬೆಲೆ ಜಾಸ್ತಿ, ಆದರೆ ಆ ತುದಿಯನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ.

ಅದೇ ಕೂತಲ್ಲಿ ಟ್ಯೂನಿಂಗ್ ಕಡ್ಡಿ

ಒಡೆದ ಸ್ಲಗ್ ಎಸೆಯಬೇಡಿ. ಬಿದಿರು ಕಡ್ಡಿಯ ಒಂದು ತುದಿಗೆ ಆ ಫೆರೈಟ್ ಚೂರು, ಇನ್ನೊಂದು ತುದಿಗೆ ಸಣ್ಣ ಹಿತ್ತಾಳೆ ಸ್ಕ್ರೂ ಅಂಟಿಸಿ. ನೀವೇ ಸುತ್ತಿದ ಗಾಳಿ ಕಾಯಿಲ್ ಸರಿಯಿದೆಯೇ ಎಂದು ಇದು ಹೇಳುತ್ತದೆ. ಫೆರೈಟ್ ತುದಿ ಇಳಿಸಿದಾಗ ಸಿಗ್ನಲ್ ಏರಿದರೆ ಇಂಡಕ್ಟೆನ್ಸ್ ಸಾಲದು. ಸುತ್ತುಗಳನ್ನು ಹತ್ತಿರ ತನ್ನಿ ಅಥವಾ ಒಂದು ಸುತ್ತು ಸೇರಿಸಿ. ಹಿತ್ತಾಳೆ ತುದಿಗೆ ಏರಿದರೆ ಇಂಡಕ್ಟೆನ್ಸ್ ಜಾಸ್ತಿಯಾಗಿದೆ, ಸುತ್ತುಗಳನ್ನು ಅಗಲಿಸಿ. ಎರಡಕ್ಕೂ ಇಳಿದರೆ ಕಾಯಿಲ್ ಮುಟ್ಟಬೇಡಿ, ಅದು ಸರಿಯಾಗಿದೆ. ಟೊರಾಯಿಡ್‌ಗೆ, ಅಂದರೆ ಉಂಗುರದ ಮೇಲೆ ಸುತ್ತಿದ ಕಾಯಿಲ್‌ಗೆ ಈ ಕಡ್ಡಿ ನಡೆಯುವುದಿಲ್ಲ. ಅದರ ಕಾಂತಕ್ಷೇತ್ರ ಉಂಗುರದ ಒಳಗೇ ಇರುತ್ತದೆ. ಅಲ್ಲಿ ಉಗುರಿನಿಂದ ಸುತ್ತುಗಳನ್ನು ಸರಿಸಿಯೇ ನೋಡಬೇಕು.

ಟೊರಾಯಿಡ್ ಸುತ್ತಲು ಚಿಕ್ಕಪೇಟೆಯಲ್ಲಿ ಒಂದು ಕ್ರೋಶಾ ಕಡ್ಡಿ ಕೊಳ್ಳಿ. ಇದಕ್ಕೆಂದೇ ಮಾರುವ ಯಾವ ಟೂಲೂ ಬೇಡ. ತಂತಿ ಉಂಗುರದೊಳಗೆ ಎಷ್ಟು ಸಲ ಹಾದುಹೋಯಿತೋ ಅಷ್ಟು ಸುತ್ತು. ಮೊದಲ ಸಲ ಹಾದದ್ದನ್ನೂ ಎಣಿಸಿ, ಬಹಳ ಜನ ಬಿಡುವುದು ಅದನ್ನೇ. ಉಂಗುರವೇ ಸಿಗಲಿಲ್ಲ ಎಂದು ಕೂರಬೇಡಿ. ಹೈದರಾಬಾದಿನ ಅಶ್‌ಹರ್ ಫರ್ಹಾನ್ ಅವರು ರೂಪಿಸಿದ, ಮನೆಯಲ್ಲೇ ಜೋಡಿಸುವ ಬಿಟ್‌ಎಕ್ಸ್ ಹ್ಯಾಮ್ ಸೆಟ್‌ನ ಮೊದಲ ವಿನ್ಯಾಸದಲ್ಲಿ ಕಾಯಿಲ್ ಸುತ್ತಿದ್ದು ನಲ್ಲಿಯ ವಾಷರ್ ಮೇಲೆ.

ಕ್ರಿಂಪರ್: ಇದನ್ನು ಕೊಳ್ಳಿ

ಕನೆಕ್ಟರನ್ನು ಕೇಬಲ್‌ಗೆ ಒತ್ತಿ ಬಿಗಿಯುವ ಟೂಲ್ ಕ್ರಿಂಪರ್. ಆರ್‌ಜಿ-58 ಎಂಬ ತೆಳು ಆಂಟೆನಾ ಕೇಬಲ್‌ಗೆ ಕ್ರಿಂಪ್ ಮಾಡುವ ಬಿಎನ್‌ಸಿ (ತಿರುಗಿಸಿ ಲಾಕ್ ಮಾಡುವ) ಕನೆಕ್ಟರ್‌ನ ಹೊರ ತೋಳಿಗೆ 5.41 ಮಿ.ಮೀ. ಷಡ್ಭುಜ ಬಾಯಿ ಬೇಕು. ಒಳಪಿನ್‌ಗೆ 1.72 ಮಿ.ಮೀ. ಅರದಿಂದ ಈ ಅಳತೆ ಬರುವುದಿಲ್ಲ. ಪ್ಲೇಯರ್‌ನಲ್ಲಿ ಅದುಮಿದರೆ ತೋಳು ಎರಡು ಕಡೆ ಚಪ್ಪಟೆಯಾಗಿ, ಉಳಿದ ಎರಡು ಕಡೆ ಜಾಲರಿ ತಂತಿ ಸಡಿಲವಾಗಿಯೇ ಉಳಿಯುತ್ತದೆ. ಮೊದಲ ದಿನ ಎಲ್ಲ ಸರಿ ಇರುತ್ತದೆ. ಒಂದು ಮಳೆಗಾಲ ಕಳೆದರೆ ಕಿಲುಬು ಹಿಡಿಯುತ್ತದೆ.

ಅಂಗಡಿಯಲ್ಲಿ ‘ಕೋಆಕ್ಸ್ ಕ್ರಿಂಪರ್’ ಎಂದು ಕೇಳಿದರೆ ಡಿಶ್ ಟಿವಿ ಕೆಲಸದವರ ಟೂಲ್ ಕೊಡಬಹುದು. ಅದು ಆರ್‌ಜಿ-6 ಎಂಬ 75 ಓಮ್ ಕೇಬಲ್‌ನ ಎಫ್ ಕನೆಕ್ಟರ್‌ಗೆ, ನಮಗಲ್ಲ. ಕೆಂಪು, ನೀಲಿ, ಹಳದಿ ಚುಕ್ಕಿ ಇರುವುದು ವೈರ್ ಲಗ್‌ಗೆ, ಅದೂ ಅಲ್ಲ. ರ‍್ಯಾಚೆಟ್ ಇರುವ, ಡೈ ಬದಲಿಸಬಹುದಾದ ಕ್ರಿಂಪರ್ ಕೇಳಿ. ಪೂರ್ತಿ ಒತ್ತುವವರೆಗೆ ರ‍್ಯಾಚೆಟ್ ಬಾಯಿ ಬಿಡುವುದಿಲ್ಲ, ಅರ್ಧಂಬರ್ಧ ಕ್ರಿಂಪ್ ಆಗುವುದು ತಪ್ಪುತ್ತದೆ. ಮುಂದೆ ಆರ್‌ಜಿ-213 ಎಂಬ ದಪ್ಪ ಕೇಬಲ್ ಬಳಸುವುದಾದರೆ 10.9 ಮಿ.ಮೀ. ಡೈ ಕೂಡ ಬೇಕು. ವರ್ಷಕ್ಕೆ ನಾಲ್ಕಾರು ಕನೆಕ್ಟರ್ ಹಾಕುವವರು ಒಬ್ಬರೇ ಕೊಳ್ಳುವುದು ದಂಡ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್‌ನಂಥ ಕಡೆ ಪರಿಚಯವಾದ ಮೂರ್ನಾಲ್ಕು ಜನ ಸೇರಿ ಒಂದು ತನ್ನಿ.

ಬಳಸುವುದು ಸುಲಭ. ತೋಳನ್ನು ಮೊದಲೇ ಕೇಬಲ್‌ಗೆ ತೂರಿಸಿ, ಕನೆಕ್ಟರ್ ಜೊತೆ ಬಂದ ಅಳತೆಗೆ ಸಿಪ್ಪೆ ಸುಲಿಯಿರಿ, ಪಿನ್ ಒತ್ತಿ, ಜಾಲರಿಯನ್ನು ಕನೆಕ್ಟರ್ ಕುತ್ತಿಗೆಯ ಮೇಲೆ ಹರಡಿ, ತೋಳು ಎಳೆದು ಒತ್ತಿ. ಸುಲಿಯುವ ಪ್ಲಾಸ್ಟಿಕ್ ಟೂಲ್ ಅಗ್ಗದ್ದೇ ಸಾಕು. ಆದರೆ ಕೆಲಸಕ್ಕೆ ಮೊದಲು ಅದರ ಬ್ಲೇಡ್ ಆಳವನ್ನು ಒಂದು ವೇಸ್ಟ್ ತುಂಡಿನ ಮೇಲೆ ಹೊಂದಿಸಿ. ಒಳತಂತಿಯ ಎಳೆಗಳಿಗೆ ಗೀರು ಬಿದ್ದರೆ ಅಲ್ಲೇ ಮುರಿಯುತ್ತದೆ.

ಪಿಎಲ್-259 ಎಂಬ ದೊಡ್ಡ ತಿರುಪು ಕನೆಕ್ಟರ್‌ನದು ಬೇರೆ ಕಥೆ. ಅದನ್ನು ಬೆಸುಗೆ ಹಾಕಿಯೇ ಕೂರಿಸಿ ಎನ್ನುವವನು ನಾನು. ಇಲ್ಲಿ 25 ವ್ಯಾಟ್ ಐರನ್ ಸಾಲದು. ಕನೆಕ್ಟರ್‌ನ ಮೈ ಶಾಖವನ್ನೆಲ್ಲ ನುಂಗುತ್ತದೆ, ಅದು ಕಾಯುವಷ್ಟರಲ್ಲಿ ಒಳಗಿನ ಪ್ಲಾಸ್ಟಿಕ್ ಕರಗಿರುತ್ತದೆ. ದಪ್ಪ ತುದಿಯ 80–100 ವ್ಯಾಟ್ ಐರನ್‌ನಲ್ಲಿ ಬೇಗ ಕಾಯಿಸಿ ಬೇಗ ತೆಗೆಯಿರಿ. ನಿಕ್ಕಲ್ ಲೇಪದ ಕನೆಕ್ಟರ್‌ಗೆ ಬೆಸುಗೆ ಸುಲಭವಾಗಿ ಹಿಡಿಯುವುದಿಲ್ಲ, ತೂತಿನ ಸುತ್ತ ಅರದಿಂದ ಉಜ್ಜಿ ಹಿತ್ತಾಳೆ ಕಾಣಿಸಬೇಕು. ಸಾಧ್ಯವಾದರೆ ಬೆಳ್ಳಿ ಲೇಪದ, ಟೆಫ್ಲಾನ್ ತುಂಬಿದ್ದನ್ನೇ ಕೊಳ್ಳಿ. ಆರ್‌ಜಿ-58ಕ್ಕೆ ಯುಜಿ-175 ರಿಡ್ಯೂಸರ್, ಅಂದರೆ ತೆಳು ಕೇಬಲ್ ಕನೆಕ್ಟರ್‌ನಲ್ಲಿ ಬಿಗಿಯಾಗಿ ಕೂರಲು ಹಾಕುವ ಕೊಳವೆ ಬೇಕು. ಯುಜಿ-176 ಆರ್‌ಜಿ-8ಎಕ್ಸ್‌ನಂಥ ಸ್ವಲ್ಪ ದಪ್ಪ ಕೇಬಲ್‌ಗೆ. ನೋಡಲು ಎರಡೂ ಒಂದೇ ಥರ, ಕೌಂಟರ್‌ನಲ್ಲಿ ಒಂದಕ್ಕೆ ಇನ್ನೊಂದು ಕೊಡುವುದು ಮಾಮೂಲು. ಹಾಗಾಗಿ ಎಸ್‌.ಪಿ. ರಸ್ತೆಗೆ ಹೋಗುವಾಗ ಒಂದು ಗೇಣು ಕೇಬಲ್ ಜೇಬಿನಲ್ಲಿಟ್ಟುಕೊಳ್ಳಿ. ರಿಡ್ಯೂಸರ್ ಒಳಗೆ ಅಲ್ಲೇ ತೂರಿಸಿ ನೋಡಿ, ಆಮೇಲೆ ದುಡ್ಡು ಕೊಡಿ.