ಇಡ್ಲಿ ಗ್ರೈಂಡರಿನಲ್ಲಿ ತಮಾಲ್ ಹಿಟ್ಟು: ನನ್ನ ಅನುಭವ

ಸುಣ್ಣದ ನೀರಿನಲ್ಲಿ ಬೆಂದ ಮುಸುಕಿನ ಜೋಳವನ್ನು ಇಡ್ಲಿ ಗ್ರೈಂಡರಿನಲ್ಲಿ ರುಬ್ಬಿ ತಮಾಲ್ ಹಿಟ್ಟು ತೆಗೆಯಬಹುದು. ತಮಾಲ್ ಎಂದರೆ ಆ ಹಿಟ್ಟಿನೊಳಗೆ ಮಾಂಸವನ್ನೋ ಇನ್ನೇನನ್ನೋ ತುಂಬಿ, ತೆನೆಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಮೆಕ್ಸಿಕೋದ ತಿಂಡಿ. ಆಗುವುದಿಲ್ಲ ಎಂದವರ ಪಟ್ಟಿ ದೊಡ್ಡದು: ನನ್ನ ಅತ್ತೆ, ಅತ್ತೆಯ ತಂಗಿ, ಬೀದಿಯ ಗಿರಣಿಯವನು, ನಾವಿರುವ ಮೆಕ್ಸಿಕೋದ ಗ್ವಾದಲಾಹಾರಾ ನಗರದ ಕನ್ನಡ ಗೆಳೆಯರಲ್ಲಿ ಮುಕ್ಕಾಲು ಪಾಲು. ಕಳೆದ ಫೆಬ್ರುವರಿ 2ರಂದು ಗಿರಣಿಯವನೊಬ್ಬನನ್ನು ಬಿಟ್ಟು ಅವರೆಲ್ಲರೂ ನಮ್ಮ ಮನೆಯಲ್ಲಿ ತಿಂದರು, ಹೋಗುವಾಗ ಕಟ್ಟಿಸಿಕೊಂಡೂ ಹೋದರು.

ಕೆಲಸ ನನ್ನ ತಲೆಗೆ ಬಂದದ್ದು ರೊಸ್ಕಾದಿಂದ. ಜನವರಿ 6ರ ಮೂವರು ಅರಸರ ಹಬ್ಬಕ್ಕೆ ಕತ್ತರಿಸುವ ಆ ಬಳೆಯಾಕಾರದ ಸಿಹಿ ಬ್ರೆಡ್ಡಿನೊಳಗೆ ಬಾಲಯೇಸುವಿನ ಪುಟ್ಟ ಬೊಂಬೆಗಳಿರುತ್ತವೆ. ಬೊಂಬೆ ಸಿಕ್ಕವರು ಫೆಬ್ರುವರಿ 2ರ ಕಾಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ತಮಾಲ್ ತಿನ್ನಿಸಬೇಕು. ನನ್ನ ಷಡ್ಡಕ ಬೊಂಬೆಯನ್ನು ಬಾಯಲ್ಲೇ ಅಡಗಿಸಿಕೊಂಡು ಪಾರಾದ. ಅದು ಇಲ್ಲಿಯ ಹಳೆಯ ಉಪಾಯ. ನನ್ನ ತುಂಡಿನ ಬೊಂಬೆ ಮಾತ್ರ ಎಲ್ಲರ ಕಣ್ಣೆದುರೇ ತಟ್ಟೆಗೆ ಉರುಳಿತು.

ಮೂವತ್ತು ಚಿಲ್ಲರೆ ಜನ, ತಲೆಗೆ ಮೂರು ತಮಾಲ್. ಅತ್ತೆಯ ಮನೆತನದಲ್ಲಿ ಡಿಸೆಂಬರ್ 24ರ ರಾತ್ರಿಗಾಗಲಿ ಕಾಂದೆಲಾರಿಯಾಕ್ಕಾಗಲಿ ಕೊಂಡ ತಮಾಲ್ ಹೊಸ್ತಿಲು ದಾಟುವಂತಿಲ್ಲ. ಹಿಟ್ಟು ಮಾತ್ರ ಗಿರಣಿಯಿಂದ ತರಬಹುದು. ಆದರೆ ಹಬ್ಬದ ಹಿಂದಿನ ದಿನ ಗಿರಣಿಯ ಮುಂದೆ ಬಕೆಟ್ ಹಿಡಿದವರ ಸಾಲು ಬೀದಿಯ ತಿರುವಿನವರೆಗೆ ಬೆಳೆಯುತ್ತದೆ, ಸಿಗುವ ಹಿಟ್ಟೋ ಅವಸರದಲ್ಲಿ ಬೀಸಿದ್ದು. ನಾನೇ ರುಬ್ಬುತ್ತೇನೆ ಎಂದೆ. "ಮಿಹೋ (ಮಗನೇ), ಅದು ಅಕ್ಕಿ ತಿನ್ನುವ ಯಂತ್ರ, ಜೋಳ ಅದರ ಹಲ್ಲು ಮುರಿಯುತ್ತದೆ" ಎಂದರು ಅತ್ತೆ. ನಾನು ದಾವಣಗೆರೆ ಕಡೆಯವನು, ಮುಸುಕಿನ ಜೋಳದ ಹೊಲಗಳ ನಡುವೆ ಬೆಳೆದವನು. ನಮ್ಮಲ್ಲಿ ಅದು ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತದೆ ಎಂಬುದನ್ನು ಅತ್ತೆಗೆ ಇನ್ನೂ ಹೇಳಿಲ್ಲ.

ಮೊದಲು ಯಂತ್ರದ ಗೋಳು. ಊರಿನಿಂದ ಹೊತ್ತು ತಂದ 230 ವೋಲ್ಟಿನ ಗ್ರೈಂಡರ್ ಇಲ್ಲಿಯ 127 ವೋಲ್ಟಿಗೆ ಅಲುಗಲಿಲ್ಲ. ಸಾವಿರದೈನೂರು ಪೆಸೊ ಸುರಿದು ಟ್ರಾನ್ಸ್‌ಫಾರ್ಮರ್ ತಂದೆ. ಇಲ್ಲಿಯ ವಿದ್ಯುತ್ತು 60 ಹರ್ಟ್ಸ್, ನಮ್ಮದು 50; ಮೋಟಾರು ಊರಿನಲ್ಲಿ ಓಡುವುದಕ್ಕಿಂತ ಜೋರಾಗಿ ಓಡಿತು, ಜೋಳ ಬಿದ್ದ ಕೂಡಲೇ ಬೆಲ್ಟ್ ಜಾರಿ ಸುಟ್ಟ ವಾಸನೆ ಮನೆ ತುಂಬಿತು. ಕೊನೆಗೆ ಅಮೆರಿಕದಲ್ಲಿ ಮಾರುವ 110 ವೋಲ್ಟಿನ ಎರಡು ಲೀಟರಿನ ಗ್ರೈಂಡರನ್ನು ಹೆಂಡತಿಯ ಸೋದರಮಾವ ಹ್ಯೂಸ್ಟನ್‌ನಿಂದ ತಂದುಕೊಟ್ಟರು. ಸುಮಾರು ಐದು ಸಾವಿರ ಪೆಸೊ ಆಯಿತು. ಇಲ್ಲಿಯ ಕೈಗಿರಣಿ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ನಿಜ. ನಾಲ್ಕು ಕಿಲೋ ಜೋಳವನ್ನು ಅದರಲ್ಲಿ ತಿರುಗಿಸಿ ನೋಡಿದವರು ನನ್ನ ಖರ್ಚಿನ ಬಗ್ಗೆ ಮಾತನಾಡಲಿ.

ಜೋಳ ಬೇಯಿಸುವುದು ಹೀಗೆ: ಕಿಲೋಗೆ ಹತ್ತು ಗ್ರಾಂ ಸುಣ್ಣ, ಮೂರು ಲೀಟರ್ ನೀರು, ಮುಕ್ಕಾಲು ಗಂಟೆ ಸಣ್ಣ ಉರಿ, ರಾತ್ರಿಯಿಡೀ ಅದೇ ನೀರಿನಲ್ಲಿ ನೆನೆ. ಬೆಳಿಗ್ಗೆ ಸಿಪ್ಪೆ ಉಜ್ಜಿ ತೊಳೆಯಿರಿ. ಸುಣ್ಣ ಜಾಸ್ತಿಯಾದರೆ ಹಿಟ್ಟು ಹಳದಿಗೆ ತಿರುಗಿ ಸೋಪಿನ ರುಚಿ ಬರುತ್ತದೆ. ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ದುಡ್ಡಿದ್ದರೆ ಪೊಸೋಲೆ ಎಂಬ ಇಲ್ಲಿಯ ಜೋಳದ ಸಾರಿಗೆ ಬಳಸುವ ದಪ್ಪ ಕಾಳಿನ ಕಾಕಾವಾಸಿಂತ್ಲೆ ತಳಿ ಕೊಳ್ಳಿ. ನಾನು ಸಗಟು ಮಾರುಕಟ್ಟೆಯಾದ ಅಬಾಸ್ತೋಸ್‌ನಲ್ಲಿ ಮಾಮೂಲಿ ಬಿಳಿ ಮುಸುಕಿನ ಜೋಳ ಕೊಂಡೆ.

ಇಡೀ ಕಾಳನ್ನು ಸುರಿದರೆ ಗುಂಡುಕಲ್ಲು ಸಿಕ್ಕಿಕೊಂಡು ನಿಂತುಬಿಡುತ್ತದೆ. ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದು, ಆಮೇಲೆ ಹಿಡಿಹಿಡಿಯಾಗಿ ಹಾಕಬೇಕು. ನೀರಿಲ್ಲದೆ ಗ್ರೈಂಡರ್ ತಿರುಗದು, ನೀರು ಹಾಕಿದರೆ ಹಿಟ್ಟು ತೆಳ್ಳಗಾಗುತ್ತದೆ. ಈ ಕಾರಣಕ್ಕೇ ಎಲ್ಲರೂ ಇದನ್ನು ಕೈಬಿಡುವುದು. ನನ್ನ ಮೊದಲ ಹಿಟ್ಟಿನಲ್ಲಿ ತೋರ್ತಿಯಾ, ಅಂದರೆ ಇಲ್ಲಿಯ ತೆಳು ರೊಟ್ಟಿ, ತಟ್ಟಲು ಹೋದರೆ ಅದು ಕೈಗೇ ಅಂಟಿಕೊಂಡು ಹರಿಯಿತು. ಅಂಗಡಿಯ ಒಣ ಹಿಟ್ಟು ಬೆರೆಸಿ ಹೇಗೋ ಮುಗಿಸಿದೆವು. ತೋರ್ತಿಯಾದ ಆಸೆ ಅಲ್ಲಿಗೇ ಬಿಟ್ಟೆ.

ಆದರೆ ತಮಾಲ್ ಹಿಟ್ಟಿಗೆ ಹೇಗೂ ಮಾಂಸ ಬೇಯಿಸಿದ ರಸ ಕಲಸಬೇಕಲ್ಲವೇ? ನೀರಿನ ಬದಲು ಆ ರಸವನ್ನೇ ಹಾಕಿ ರುಬ್ಬಿದೆ. ಮೇಲಿನ ಜಿಡ್ಡು ತೆಗೆದು, ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣ್ಣಗಾದ ರಸ. ಕಲ್ಲು ಬಿಸಿಯಾಗಿ ಹಿಟ್ಟೂ ಬಿಸಿಯಾದರೆ ಮುಂದೆ ಸೇರಿಸುವ ಹಂದಿಕೊಬ್ಬು ಕರಗಿ ಎಲ್ಲ ಕೆಡುತ್ತದೆ. ಇನ್ನೊಂದು ಅನುಕೂಲವೂ ಇದೆ. ತಮಾಲ್‌ಗೆ ಹಿಟ್ಟು ನುಣ್ಣಗಿರಬೇಕಿಲ್ಲ, ರವೆಯಂತಿದ್ದರೇ ಚೆನ್ನ. ಒಂದೊಂದು ಸರದಿಗೆ ಕಾಲು ಗಂಟೆ ಸಾಕು. ರಸಕ್ಕೆ ಏನೇನು ಹಾಕಿ ಕುದಿಸುತ್ತೇನೆ, ಗುಂಡುಕಲ್ಲನ್ನು ಎಷ್ಟು ಬಿಗಿ ಮಾಡುತ್ತೇನೆ ಎನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇಷ್ಟು ದುಡ್ಡು ಸುಟ್ಟವನಿಗೆ ಅಷ್ಟಾದರೂ ಹಕ್ಕು ಬೇಡವೇ?

ಕಿಲೋ ಹಿಟ್ಟಿಗೆ ಮುನ್ನೂರು ಗ್ರಾಂ ಚಿಲ್ಲರೆ ಹಂದಿಕೊಬ್ಬು. ಮೊದಲು ಕೊಬ್ಬನ್ನೊಂದೇ ಬಿಳುಪೇರುವವರೆಗೆ ನೊರೆ ಬರಿಸಿ, ಆಮೇಲೆ ಹಿಟ್ಟು. ಪರೀಕ್ಷೆ ಅತ್ತೆಯದೇ: ಒಂದು ಚಿಟಿಕೆ ಹಿಟ್ಟು ತಣ್ಣೀರಿನ ಲೋಟದಲ್ಲಿ ತೇಲಬೇಕು. ಅವರೇ ಹಾಕಿದರು, ತೇಲಿತು. ನಂಬದೆ ಇನ್ನೊಂದು ಚಿಟಿಕೆ ಹಾಕಿದರು, ಅದೂ ತೇಲಿತು. ಆಮೇಲೆ ಮಾತಿಲ್ಲದೆ ನೆನೆಸಿದ ತೆನೆಸಿಪ್ಪೆಗಳನ್ನು ಮುಂದಕ್ಕೆಳೆದುಕೊಂಡು ಕುಳಿತರು.

ಸುತ್ತುವುದಕ್ಕೆ ಮನೆಮಂದಿಯೆಲ್ಲ ಸೇರುತ್ತಾರೆ: ಒಬ್ಬರು ಹಿಟ್ಟು ಬಳಿಯಲು, ಒಬ್ಬರು ಕೆಂಪು ಮೆಣಸಿನ ಹಂದಿಮಾಂಸ ತುಂಬಲು, ಮಕ್ಕಳು ಮಡಿಸಲು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬ ಕಥೆಗಳೆಲ್ಲ ಹೊರಬರುವುದು ಆಗಲೇ. ಹಬೆಪಾತ್ರೆಯ ತಳಕ್ಕೆ ಒಂದು ನಾಣ್ಯ ಹಾಕುತ್ತಾರೆ. ಅದರ ಕುಣಿತದ ಸದ್ದು ನಿಂತರೆ ನೀರು ಮುಗಿದಿದೆ ಎಂದರ್ಥ. ಅಡುಗೆಮನೆಯಲ್ಲಿ ಯಾರಾದರೂ ಸಿಟ್ಟಾದರೆ ತಮಾಲ್ ಬೇಯುವುದಿಲ್ಲ ಎಂಬ ನಂಬಿಕೆಯೂ ಇದೆ. ಷಡ್ಡಕನೂ ನಾನೂ ಬೊಂಬೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದ ಕೂಡಲೇ ಅತ್ತೆ ಪಾತ್ರೆಯ ಹಿಡಿಗಳಿಗೆ ತೆನೆಸಿಪ್ಪೆಯ ಗಂಟು ಕಟ್ಟಿ, ನಮ್ಮಿಬ್ಬರನ್ನೂ ಪಾತ್ರೆಯ ಮುಂದೆ ಕುಣಿಸಿದರು. ಒಂದೂವರೆ ಗಂಟೆಯಲ್ಲಿ ಸಿಪ್ಪೆ ಹಿಟ್ಟಿನಿಂದ ಸಲೀಸಾಗಿ ಬಿಟ್ಟಿತು.

ನಾಲ್ಕು ಕಿಲೋ ಜೋಳಕ್ಕೆ ನೂರರ ಹತ್ತಿರ ಬಂದವು. ಮಾಂಸ, ಮೆಣಸು, ಕೊಬ್ಬು, ಸಿಪ್ಪೆ ಎಲ್ಲ ಸೇರಿ ಸಾವಿರದ ಇನ್ನೂರು ಪೆಸೊ ಇರಬೇಕು. ಹೊರಗೆ ಕೊಂಡಿದ್ದರೆ ಅದರ ಎರಡರಷ್ಟು. ನಾಲ್ಕೈದು ಹಬ್ಬಕ್ಕೆ ಗ್ರೈಂಡರಿನ ದುಡ್ಡು ಹುಟ್ಟುತ್ತದೆ ಎಂದು ಲೆಕ್ಕ ತೋರಿಸಿದೆ. ಸುಟ್ಟ ಬೆಲ್ಟನ್ನೂ ಟ್ರಾನ್ಸ್‌ಫಾರ್ಮರನ್ನೂ ಯಾರ ಖಾತೆಗೆ ಬರೆದೆ ಎಂದು ಹೆಂಡತಿ ಕೇಳಿದಳು.

ಅಲ್ಲಿಂದೀಚೆಗೆ ಬೇರೆ ಪ್ರಯೋಗಗಳೂ ನಡೆದಿವೆ. ದಕ್ಷಿಣ ಮೆಕ್ಸಿಕೋದ ವಾಹಾಕಾ ಕಡೆಯವರಂತೆ ಬಾಳೆಎಲೆಯಲ್ಲಿ ಸುತ್ತಿದರೆ ತೆಳ್ಳಗಿನ ಹಿಟ್ಟೂ ನಿಲ್ಲುತ್ತದೆ, ಈ ವಿಧಾನಕ್ಕೆ ಅದೇ ಸರಿಯಾದ ಜೋಡಿ. ಊರಿನಿಂದ ಬಂದ ಅಮ್ಮನಿಗಾಗಿ ಹಂದಿಕೊಬ್ಬಿನ ಬದಲು ಗಟ್ಟಿ ತುಪ್ಪ, ಮಾಂಸದ ರಸದ ಬದಲು ತರಕಾರಿ ಬೇಯಿಸಿದ ನೀರು ಬಳಸಿದೆ. ಹಿಟ್ಟು ಅರ್ಧಕ್ಕೆ ಮಾತ್ರ ತೇಲಿತು, ರುಚಿಗೇನೂ ಮೋಸವಿಲ್ಲ. ಒಳಗೆ ಹಸಿಮೆಣಸಿನ ಸೀಳು, ಚೀಸ್. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಆರಿದ ಮೇಲೆ ತಮಾಲ್ ಪುಡಿಪುಡಿಯಾಗುತ್ತದೆ. ಹುರಿದ ಕೊಕೊ ಬೀಜವನ್ನೂ ಅದೇ ಗ್ರೈಂಡರಿನಲ್ಲಿ ಅರೆದು, ಉಳಿದ ಹಿಟ್ಟು ಕದಡಿ ಚಂಪುರ್ರಾದೋ ಎಂಬ ಚಾಕೊಲೇಟ್ ಗಂಜಿ ಕುದಿಸಿದೆ. ಆ ಬಗ್ಗೆ ಇನ್ನೊಮ್ಮೆ ಬರೆಯುವಷ್ಟಿದೆ.

ಕೊನೆಗೊಂದು ಎಚ್ಚರಿಕೆ. ಮಾಂಸದ ರಸ ಕುಡಿದ ಕಲ್ಲು ಸುಲಭಕ್ಕೆ ವಾಸನೆ ಬಿಡುವುದಿಲ್ಲ. ನೆನೆಸಿದ ಅಕ್ಕಿಯನ್ನು ಎರಡು ಸಲ ರುಬ್ಬಿ ಚೆಲ್ಲಿದ ಮೇಲೂ ಅಮ್ಮ ಇಡ್ಲಿ ತಟ್ಟೆಯನ್ನು ಮೂಸಿ ದೂರ ಸರಿಸಿದರು. ಈಗ ನಮ್ಮ ಮನೆಯಲ್ಲಿ ಗುಂಡುಕಲ್ಲಿನ ಸಮೇತ ಎರಡು ಪಾತ್ರೆಗಳಿವೆ, ಒಂದರ ಮೇಲೆ ಹೆಂಡತಿ ಕೆಂಪು ಬಣ್ಣ ಬಳಿದಿದ್ದಾಳೆ. ಎರಡನೆಯದಕ್ಕೆ ಮತ್ತೆ ಸಾವಿರದ ಎಂಟುನೂರು ಪೆಸೊ ಬಿತ್ತು, ಮೊದಲೇ ಸೇರಿಸಿ ಕೊಂಡರೆ ಸಾಗಣೆಯ ಖರ್ಚಾದರೂ ಉಳಿಯುತ್ತದೆ.